ನಾಲ್ಕು ಗೋಡೆಗಳ ಒಳಗಿನ ಕಾಯಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿ ಯಾರಿಗೆ ತಾನೇ ತಿಳಿದಿಲ್ಲ? ಎರಡರಲ್ಲೂ ಖರ್ಚು ಹೆಚ್ಚು, ದಣಿವು ಹೆಚ್ಚು, ಬಂಧುಬಳಗದಿಂದ ಕೇಳಬೇಕಾದ ಮಾತೂ ಹೆಚ್ಚು ಎಂಬುದು ಹಿರಿಯರ ಅನುಭವ. ಆದರೆ ಮದುವೆಯ ನಂತರ ಸಂಸಾರವಿರುವಂತೆ, ಗೃಹಪ್ರವೇಶದ ನಂತರ ಆ ಮನೆಯೊಳಗೆ ನಡೆಯಬೇಕಾದ ಬಾಳೊಂದಿದೆ. ಅಡುಗೆ ಮಾಡುವಾಕೆಯ ಬೆನ್ನು ನೋಯಬಾರದು. ಓದುವ ಮಗುವಿನ ಪುಸ್ತಕದ ಮೇಲೆ ಬೆಳಕು ಬೀಳಬೇಕು. ರಾತ್ರಿ ಎದ್ದ ಅಜ್ಜ ಎಡವದೆ ಬಚ್ಚಲನ್ನು ತಲುಪಬೇಕು. ಇಂತಹ ಸಂಗತಿಗಳನ್ನು ಮೊದಲೇ ಯೋಚಿಸಿ ನಕ್ಷೆ ಬರೆದು, ಬಡಗಿ, ಬಣ್ಣದವರು, ವಿದ್ಯುತ್ ಕೆಲಸದವರು ಇವರೆಲ್ಲರ ಕೈಯಿಂದ ಅದನ್ನು ಮಾಡಿಸುವುದೇ ನನ್ನ ವೃತ್ತಿ. ಇದನ್ನು ಒಳಾಂಗಣ ವಿನ್ಯಾಸ ಎಂದು ಕರೆಯುತ್ತಾರೆ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಒಂದು ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ, 2004ರಿಂದ ಈ ಕೆಲಸವನ್ನು ಮಾಡಿಕೊಂಡು ಬಂದಿದ್ದೇನೆ.

ಓದುಗರಲ್ಲಿ ಮನೆ ಕಟ್ಟಿಸುತ್ತಿರುವವರಿರಬಹುದು. ಮಗನೋ ಮಗಳೋ ಈ ವಿದ್ಯೆಯನ್ನೇ ಕಲಿಯುತ್ತೇನೆಂದು ಹಟ ಹಿಡಿದಿರುವ ತಂದೆತಾಯಂದಿರೂ ಇರಬಹುದು. ಈ ಇಬ್ಬರಿಗೂ ನನ್ನ ಎರಡು ದಶಕಗಳ ಅನುಭವದಿಂದ ಒಂದಿಷ್ಟು ಪ್ರಯೋಜನವಾದೀತು ಎಂಬ ನಂಬಿಕೆಯಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಹೆಸರಿಗೆ ಮೊದಲೇ ಇದ್ದ ಕೆಲಸ

ಇಂಗ್ಲಿಷ್ ಹೆಸರಿಗೆ ನಮ್ಮ ‘ಪೇಟೆ’ಯನ್ನು ಜೋಡಿಸಿಕೊಂಡಿರುವ ಬ್ರೂಸ್‌ಪೇಟೆ ಬಳ್ಳಾರಿಯ ಹಳೆಯ ವ್ಯಾಪಾರದ ಭಾಗ. ಬೆಂಗಳೂರು ರಸ್ತೆ, ತೇರು ಬೀದಿ, ಕಾಳಮ್ಮ ಬೀದಿ ಇವುಗಳ ಸುತ್ತ ಬೆಳೆದ ಈ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಅಂಗಡಿಯ ಮುಂದೆ ಕೇಳಿಸುತ್ತವೆ. ಒಳಾಂಗಣ ವಿನ್ಯಾಸ ಎಂಬ ಹೆಸರು ಇಲ್ಲಿಗೆ ಬಂದದ್ದು ತೀರ ಇತ್ತೀಚೆಗೆ. ಆದರೆ ಆ ಹೆಸರು ಸೂಚಿಸುವ ವಿವೇಕ ಇಲ್ಲಿ ಮೊದಲಿನಿಂದಲೂ ಇತ್ತು.

ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಯನ್ನು ನೆನಪಿಸಿಕೊಳ್ಳಿ. ದಪ್ಪ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಗಟ್ಟಿಸಿದ ಮಣ್ಣು. ನಡುವೆ ಒಂದು ಬೆಳಕಿಂಡಿ. ಗೋಡೆಯಲ್ಲೇ ದೀಪಕ್ಕೊಂದು ಗೂಡು, ಪಾತ್ರೆಗೆ ಮತ್ತೊಂದು ಗೂಡು, ಬಟ್ಟೆಗೆ ಗೂಟ. ಮನೆಯ ಮುಂದೆ ಬಂದವರು ಕೂರಲು ಕಟ್ಟೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಲವತ್ತು ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಬಿಸಿಲಿನಲ್ಲಿ ಆ ದಪ್ಪ ಗೋಡೆಗಳು ಹಗಲಿನ ಕಾವನ್ನು ಒಮ್ಮೆಲೇ ಒಳಗೆ ಬಿಡುತ್ತಿರಲಿಲ್ಲ. ಯಾವ ಕಾಲೇಜಿನ ಮುಖವನ್ನೂ ನೋಡದ ಮೇಸ್ತ್ರಿಗಳು ಮಾಡಿದ ವಿನ್ಯಾಸವದು. ದೂರವೇನೂ ಇಲ್ಲದ ಹಂಪಿಗೆ ಹೋದರೆ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯಲ್ಲಿ ಚಿತ್ರಗಳಿವೆ. ಕಮಲ ಮಹಲಿನಲ್ಲಿ ಎಲ್ಲ ಕಡೆಯಿಂದಲೂ ಗಾಳಿಯಾಡುವ ಕಮಾನುಗಳಿವೆ. ನೆರಳು, ಗಾಳಿ, ಬೆಳಕು ಮತ್ತು ಅಂದ ಇವು ಬೇರೆ ಬೇರೆ ಅಲ್ಲವೆಂಬುದನ್ನು ನಮ್ಮವರು ಬಹಳ ಹಿಂದೆಯೇ ಅರಿತಿದ್ದರು.

ಇದೊಂದು ಸ್ವತಂತ್ರ ವೃತ್ತಿಯಾಗಿ ರೂಪುಗೊಂಡದ್ದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಎಲ್ಸಿ ಡಿ ವುಲ್ಫ್ ಎಂಬ ಮಹಿಳೆ 1905ರ ಸುಮಾರಿಗೆ ನ್ಯೂಯಾರ್ಕಿನ ಮಹಿಳಾ ಕ್ಲಬ್ಬೊಂದರ ಒಳಾಂಗಣವನ್ನು ಸಿದ್ಧಪಡಿಸುವ ಕೆಲಸವನ್ನು ಕೈಗೆತ್ತಿಕೊಂಡಾಗ, ದಟ್ಟ ಪರದೆಗಳ ಕತ್ತಲೆ ಕೋಣೆಗಳ ಜಾಗದಲ್ಲಿ ತಿಳಿ ಬಣ್ಣ, ಬೆಳಕುಗಳನ್ನು ತಂದಳು. 1926ರಲ್ಲಿ ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟ್ಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ವಸತಿಗಳಿಗಾಗಿ ಒಂದು ಪುಟ್ಟ ಅಡುಗೆಮನೆಯನ್ನು ರೂಪಿಸಿದಳು. ಅಡುಗೆ ಮಾಡುವಾಕೆ ಎಷ್ಟು ಹೆಜ್ಜೆ ನಡೆಯುತ್ತಾಳೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ ಮಾಡಿದ ಆ ಅಡುಗೆಮನೆ ಸುಮಾರು ಹತ್ತು ಸಾವಿರ ಮನೆಗಳಿಗೆ ಬಂತು. ಇಂದು ನಾವು ‘ಮಾಡ್ಯುಲರ್ ಕಿಚನ್’ ಎನ್ನುವುದರ ಮೂಲ ಅಲ್ಲಿದೆ. ಶ್ರೀಮಂತರ ಷೋಕಿಯೆಂದು ನಾವು ಭಾವಿಸಿರುವ ವಸ್ತು ಹುಟ್ಟಿದ್ದು ಕಾರ್ಮಿಕನ ಹೆಂಡತಿಯ ದಣಿವನ್ನು ತಗ್ಗಿಸಲು ಎಂಬುದು ಗಮನಿಸಬೇಕಾದ ವಿಷಯ.

ನಮ್ಮ ದೇಶದಲ್ಲಿ ಒಳಾಂಗಣ ವಿನ್ಯಾಸಕಾರರ ಸಂಘವಾದ ‘ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಇಂಟೀರಿಯರ್ ಡಿಸೈನರ್ಸ್’ 1972ರಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ವಾಸ್ತುಶಿಲ್ಪಿಗಳ ಕಾಯ್ದೆಯೂ ಬಂತು. ಆ ಕಾಯ್ದೆಯ ಪ್ರಕಾರ ನೋಂದಣಿಯಾಗದವರು ತಮ್ಮನ್ನು ವಾಸ್ತುಶಿಲ್ಪಿ ಎಂದು ಕರೆದುಕೊಳ್ಳುವಂತಿಲ್ಲ. ಒಳಾಂಗಣ ವಿನ್ಯಾಸಕ್ಕೆ ಅಂತಹ ಕಟ್ಟುಪಾಡಿಲ್ಲ. ಯಾರು ಬೇಕಾದರೂ ಫಲಕ ಹಾಕಬಹುದು. ತೆರಿಗೆಯವರು ಮಾತ್ರ ನಮ್ಮನ್ನು ಗುರುತಿಸಿದ್ದಾರೆ! 1998ರ ಅಕ್ಟೋಬರಿನಲ್ಲೇ ಈ ವೃತ್ತಿ ಸೇವಾ ತೆರಿಗೆಯ ಪಟ್ಟಿಗೆ ಸೇರಿತ್ತು. 2017ರ ಜುಲೈ 1ರಿಂದ ಅದರ ಜಾಗಕ್ಕೆ ಜಿ.ಎಸ್.ಟಿ. ಬಂದಿದೆ. ಹೀಗೆ ತೆರಿಗೆ ಉಂಟು, ಪರವಾನಗಿ ಇಲ್ಲ ಎಂಬ ಸ್ಥಿತಿಯಲ್ಲಿ ನಮಗೆ ಜನರ ನಂಬಿಕೆಯೊಂದೇ ಪರವಾನಗಿ. ಈ ಮಾತಿನ ಅರ್ಥ ನನಗೆ ಪುಸ್ತಕದಿಂದಲ್ಲ, ಬದುಕಿನಿಂದ ತಿಳಿಯಿತು.

ಟೇಪು ತೂಗುತ್ತಿದ್ದ ಕೊರಳು

ನಮ್ಮ ತಂದೆಯವರು ದರ್ಜಿ. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ಅವರು ಕೊನೆಯವರೆಗೂ ಅಳತೆ ತೆಗೆದು ಹೊಲಿಯುವ ಅಂಗಡಿಯನ್ನೇ ನಡೆಸಿದರು. ಅವರ ಕೊರಳಲ್ಲಿ ಟೇಪು ಇಲ್ಲದ ದಿನವನ್ನು ನಾನು ನೋಡಿದ ನೆನಪಿಲ್ಲ. ಸಣ್ಣವಳಿದ್ದಾಗ ಅವರು ಹೇಳಿದ ಅಳತೆಯನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ಗಿರಾಕಿ ಹೋದ ಮೇಲೆ, ಆತನಿಗೆ ಒಂದು ಭುಜ ಇಳಿದಿದೆ, ಮೂಟೆ ಹೊತ್ತ ಭುಜವಿರಬೇಕು ಎಂದು ತಮ್ಮಷ್ಟಕ್ಕೆ ಅಂದುಕೊಂಡು ಕಾಲರಿನ ಅಳತೆಯನ್ನು ತಿದ್ದುತ್ತಿದ್ದರು. ‘ನೋಡಮ್ಮಾ, ಅಂಗಿ ತೊಡೋನು ಗಿರಾಕಿ, ನಾನಲ್ಲ. ನನಗೆ ಚೆಂದ ಕಂಡರೆ ಏನು ಬಂತು?’ ಎಂಬುದು ಅವರ ಮಾತು. ನನ್ನ ವೃತ್ತಿಯ ಮೊದಲ ಪಾಠ ಅದೇ.

ಬೆಂಗಳೂರಿನ ಮಹಿಳಾ ಪಾಲಿಟೆಕ್ನಿಕ್ ಒಂದರಲ್ಲಿ ಡಿಪ್ಲೊಮಾ ಮುಗಿಸಿ, ಅಲ್ಲಿಯೇ ಮೂರು ವರ್ಷ ಕೆಲಸ ಮಾಡಿ, ಊರಿಗೆ ಹಿಂತಿರುಗಿದಾಗ ಬಂಧುಗಳಲ್ಲಿ ಹಲವರಿಗೆ ನಾನೇನು ಓದಿದ್ದೇನೆಂಬುದೇ ಅರ್ಥವಾಗಲಿಲ್ಲ. ‘ಪರದೆ ಹೊಲಿಯೋ ಕೆಲಸಕ್ಕೆ ಬೆಂಗಳೂರು ತನಕ ಯಾಕೆ ಹೋಗಬೇಕಿತ್ತು?’ ಎಂದು ಅತ್ತೆಯೊಬ್ಬರು ಕೇಳಿದ್ದರು. ಮರಗೆಲಸದವರು ಮೊದಮೊದಲು ನನ್ನ ನಕ್ಷೆಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು, ಮನೆಯ ಯಜಮಾನರ ಬಾಯಿಮಾತಿನಂತೆಯೇ ಕೆಲಸ ಮಾಡುತ್ತಿದ್ದರು. ಹೆಣ್ಣುಮಗಳೊಬ್ಬಳು ಪ್ಲೈವುಡ್ ಹಾಳೆಯ ಅಂಚನ್ನು ಬೆರಳಿನಿಂದ ತಡವಿ ‘ಇದು ಹದಿನೆಂಟು ಮಿಲಿಮೀಟರ್ ಇಲ್ಲ’ ಎಂದು ಹೇಳಿದಾಗ ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಾನು ವಾದಕ್ಕಿಳಿಯಲಿಲ್ಲ. ಚೀಲದಿಂದ ಅಳತೆಯ ಉಪಕರಣವನ್ನು ತೆಗೆದು ಅವರ ಕೈಗೇ ಕೊಟ್ಟೆ. ಅಂದಿನಿಂದ ನಕ್ಷೆ ಕಿಸೆಯಿಂದ ಹೊರಗೆ ಬಂತು.

ಕೆಂಪು ಧೂಳಿನ ವರ್ಷಗಳು

ನಾನು ಸ್ಟುಡಿಯೊ ತೆರೆದ ಕಾಲ ಬಳ್ಳಾರಿಯ ಪಾಲಿಗೆ ಸಾಮಾನ್ಯ ಕಾಲವಾಗಿರಲಿಲ್ಲ. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತ್ತು. ಸಂಡೂರು, ಹೊಸಪೇಟೆ ಕಡೆಯ ರಸ್ತೆಗಳಲ್ಲಿ ಲಾರಿಗಳ ಸಾಲು ಕರಗುತ್ತಿರಲಿಲ್ಲ. ಗಿಡದ ಎಲೆಯಿಂದ ಹಿಡಿದು ಮನೆಯ ಕಿಟಕಿಯ ಸರಳಿನವರೆಗೆ ಎಲ್ಲವೂ ಕೆಂಪು. ಆ ಧೂಳಿನೊಂದಿಗೆ ಹಣವೂ ಬಂತು. ಹಣ ಬಂದವರು ಮನೆ ಕಟ್ಟಿಸಿದರು. ಮನೆ ಕಟ್ಟಿಸಿದವರು ನಮ್ಮಂತಹವರನ್ನು ಹುಡುಕಿಕೊಂಡು ಬಂದರು. ಇಟಲಿಯ ಅಮೃತಶಿಲೆ, ಎರಡಂತಸ್ತು ಎತ್ತರದ ಹಜಾರ, ತೂಗುದೀಪದ ಗೊಂಚಲು ಇವೆಲ್ಲ ಬೇಕೆಂದು ಹೇಳುತ್ತಿದ್ದರು. ಆ ಮನೆಗಳಲ್ಲಿ ಯಾರು ಎಲ್ಲಿ ಕುಳಿತು ಊಟ ಮಾಡುತ್ತಾರೆ ಎಂದು ಕೇಳಿದರೆ ಹಲವರಲ್ಲಿ ಉತ್ತರವಿರಲಿಲ್ಲ. ಆದರೂ ಆ ಕೆಲಸಗಳಿಂದ ನನ್ನ ಸ್ಟುಡಿಯೊ ಬೆಳೆಯಿತೆಂಬುದನ್ನು ಮರೆಮಾಚಬೇಕಿಲ್ಲ. ಇಬ್ಬರು ನಕ್ಷೆಗಾರರು ಸೇರಿದರು. ಒಂಬತ್ತು ಮಂದಿ ಮರಗೆಲಸದವರು, ಬಣ್ಣದವರು ನಮ್ಮ ಕೆಲಸವನ್ನೇ ನೆಚ್ಚಿಕೊಂಡಿದ್ದರು. ಅವರಲ್ಲಿ ಕುರುಗೋಡಿನವರಿದ್ದರು, ರಾಜಸ್ಥಾನದಿಂದ ಬಂದವರೂ ಇದ್ದರು.

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಲು ಆದೇಶಿಸಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂದದ್ದೂ ಅದೇ ವಾರ. ಬೆಟ್ಟಗಳಿಗೆ, ಹೊಲಗಳಿಗೆ, ಮುಂದಿನ ತಲೆಮಾರಿಗೆ ಆ ಆದೇಶ ಬೇಕಾಗಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದರ ಬಿಸಿ ತಟ್ಟಿದ್ದು ಗಣಿಯ ಒಡೆಯರಿಗಷ್ಟೇ ಅಲ್ಲ. ಸಾಲ ಮಾಡಿ ಲಾರಿ ಕೊಂಡವರು, ಟೈರಿನ ಅಂಗಡಿಯವರು, ರಸ್ತೆ ಬದಿಯ ಖಾನಾವಳಿಯವರು, ಹೀಗೆ ಇಡೀ ಊರಿನ ಲೆಕ್ಕಪುಸ್ತಕವೇ ಒಮ್ಮೆಲೇ ನಿಂತುಹೋಯಿತು.

ಆಗ ನಮ್ಮ ಕೈಯಲ್ಲಿ ಮೂರಂತಸ್ತಿನ ಒಂದು ದೊಡ್ಡ ಮನೆಯ ಕೆಲಸವಿತ್ತು. ಐದು ತಿಂಗಳ ಕೆಲಸ ಮುಗಿದಿತ್ತು. ಮನೆಯವರು ಒಂದು ಬೆಳಿಗ್ಗೆ ಫೋನು ಮಾಡಿ, ಕೆಲಸ ನಿಲ್ಲಿಸಿ, ಸದ್ಯಕ್ಕೆ ಏನೂ ಕೊಡಲಾಗುವುದಿಲ್ಲ ಎಂದರು. ಅವರೇನು ಮೋಸಗಾರರಲ್ಲ. ಅವರ ಅಂಗಳದಲ್ಲೇ ನಾಲ್ಕು ಲಾರಿಗಳು ಬ್ಯಾಂಕಿನ ಕಂತು ಕಟ್ಟಲಾಗದೆ ನಿಂತಿದ್ದವು. ಆದರೆ ನಮ್ಮ ಕೆಲಸಗಾರರಿಗೆ ಮೂರು ವಾರದ ಕೂಲಿ ಬಾಕಿಯಿತ್ತು. ಪ್ಲೈವುಡ್ ಅಂಗಡಿಯ ಸಾಲ ಬೇರೆ. ‘ಅವರು ಕೊಟ್ಟ ಮೇಲೆ ಕೊಡುತ್ತೇನೆ’ ಎಂದು ಕೆಲಸಗಾರರಿಗೆ ಹೇಳುವುದು ನಮ್ಮ ಕ್ಷೇತ್ರದಲ್ಲಿ ರೂಢಿ. ಯಾರೂ ಅದನ್ನು ತಪ್ಪೆನ್ನುವುದಿಲ್ಲ. ಆ ರಾತ್ರಿ ಈ ವಿಷಯವನ್ನು ತಂದೆಯವರ ಮುಂದೆ ಎತ್ತಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಗಿರಾಕಿ ಕೊಡಲಿಲ್ಲ ಅನ್ನೋದು ನಿನ್ನ ಲೆಕ್ಕ. ಕೈಯಾಳಿಗೆ ಆ ಲೆಕ್ಕ ಹೇಳಬಾರದು’ ಎಂದರು. ಅಷ್ಟೇ.

ನನ್ನ ಹೆಸರಿನಲ್ಲಿದ್ದ ಚೀಟಿಯನ್ನು ಕಸರಿಗೆ ಕೂಗಿ ಎತ್ತಿದೆವು. ಮನೆಯವರೂ ತಮ್ಮ ಉಳಿತಾಯವನ್ನು ಸೇರಿಸಿದರು. ಶನಿವಾರ ಸಂಜೆ ಒಂಬತ್ತು ಮಂದಿಗೂ ಕೂಲಿ ಪೂರ್ತಿಯಾಗಿ ಮುಟ್ಟಿತು. ಪ್ಲೈವುಡ್ ಅಂಗಡಿಯ ಹಿರಿಯರು ಕಂತಿನಲ್ಲಿ ಕೊಡಲು ಒಪ್ಪಿದರು. ಆ ಸಾಲ ತೀರಲು ಹದಿನಾಲ್ಕು ತಿಂಗಳು ಹಿಡಿಯಿತು. ಇಬ್ಬರು ನಕ್ಷೆಗಾರರಲ್ಲಿ ಒಬ್ಬ ಹುಡುಗ ಬೆಂಗಳೂರಿಗೆ ಹೊರಟುಹೋದ. ಅವನನ್ನು ಉಳಿಸಿಕೊಳ್ಳುವ ಶಕ್ತಿ ನಮಗಿರಲಿಲ್ಲ. ಅವನು ಮೇಜಿನ ಮೇಲೆ ಬಿಟ್ಟುಹೋದ ಅಳತೆಪಟ್ಟಿಯನ್ನು ಬಹಳ ದಿನ ಯಾರೂ ಮುಟ್ಟಲಿಲ್ಲ.

ನಕ್ಷೆಗೂ ಬೆಲೆಯುಂಟೇ?

ಆ ವರ್ಷಗಳಿಂದೀಚೆಗೆ ನಮ್ಮ ಒಪ್ಪಂದದ ರೂಪ ಬದಲಾಯಿತು. ಈಗ ಕೆಲಸವನ್ನು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತಕ್ಕೂ ಮುಂಗಡ ಪಡೆದೇ ಮರ ಕೊಯ್ಯುತ್ತೇವೆ. ವಿನ್ಯಾಸದ ಶುಲ್ಕ ಬೇರೆ, ಸಾಮಗ್ರಿ ಬೇರೆ, ಕೂಲಿ ಬೇರೆ ಎಂದು ಮೂರು ಕಾಲಂಗಳಲ್ಲಿ ಬರೆಯುತ್ತೇವೆ. ಇದನ್ನು ಕಂಡು ಮುಖ ಸಣ್ಣದು ಮಾಡಿಕೊಳ್ಳುವವರಿದ್ದಾರೆ. ಮರಕ್ಕೆ ಹಣ ಕೊಡಬಹುದು, ಮೊಳೆಗೆ ಕೊಡಬಹುದು, ಕಾಗದದ ಮೇಲೆ ಎಳೆದ ಗೆರೆಗೆ ಏಕೆ ಕೊಡಬೇಕು ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯ ಹಿಂದೆ ನಮ್ಮ ವೃತ್ತಿಯ ಒಂದು ಗುಟ್ಟು ಅಡಗಿದೆ. ಶುಲ್ಕವನ್ನು ಬಾಯಿಬಿಟ್ಟು ಕೇಳದ ಕೆಲವರು ಅದನ್ನು ಬೇರೆ ದಾರಿಯಿಂದ ಪಡೆಯುತ್ತಾರೆ. ಗಿರಾಕಿಯನ್ನು ಇಂತಹ ಅಂಗಡಿಗೇ ಕರೆತಂದರೆ ಅಂಗಡಿಯವರು ಲ್ಯಾಮಿನೇಟಿಗೆ ಇಷ್ಟು, ಟೈಲ್ಸಿಗೆ ಇಷ್ಟು ಎಂದು ಕಮಿಷನ್ ಕೊಡುತ್ತಾರೆ. ಗಿರಾಕಿ ಕೊಟ್ಟ ಬೆಲೆಯೊಳಗೆ ಅದು ಸೇರಿಕೊಂಡಿರುತ್ತದೆ. ಆತನಿಗೆ ಮಾತ್ರ ಅದು ತಿಳಿಯುವುದಿಲ್ಲ. ಹೀಗೆ ಪಡೆಯುವವನಿಗೆ ದುಬಾರಿ ಸಾಮಗ್ರಿಯನ್ನು ಹೊಗಳುವುದು ಅನಿವಾರ್ಯವಾಗುತ್ತದೆ. ಸಲಹೆ ಕೊಡಬೇಕಾದವನೇ ಮಾರಾಟಗಾರನಾದರೆ ಆ ಸಲಹೆಗೆ ಏನು ಬೆಲೆ? ಬ್ರೂಸ್‌ಪೇಟೆಯಂತಹ ಕಡೆ ಎಲ್ಲರಿಗೂ ಎಲ್ಲರ ಪರಿಚಯ. ಸ್ಟುಡಿಯೊ ತೆರೆದ ಮೊದಲ ತಿಂಗಳಲ್ಲೇ ನನ್ನ ಮೇಜಿನ ಮೇಲೆ ಅಂತಹ ಲಕೋಟೆಯೊಂದು ಬಂತು. ಹಿಂದಕ್ಕೆ ಕಳುಹಿಸಿ, ಆ ಮೊತ್ತವನ್ನು ಗಿರಾಕಿಯ ಬಿಲ್ಲಿನಲ್ಲಿ ರಿಯಾಯಿತಿಯಾಗಿ ತೋರಿಸಿ ಎಂದು ಕೇಳಿಕೊಂಡೆ. ಕೆಲವರು ಒಪ್ಪಿದರು, ಕೆಲವರು ನನ್ನನ್ನು ಕಂಡರೆ ಮುಖ ತಿರುಗಿಸಿದರು. ಇಂದು ನಮ್ಮ ಬಳಿಗೆ ಬರುವ ಹೆಚ್ಚಿನವರು ಯಾವ ಜಾಹೀರಾತನ್ನೂ ನೋಡಿ ಬಂದವರಲ್ಲ. ಹಿಂದೆ ಕೆಲಸ ಮಾಡಿಸಿದವರ ಮಾತು ಕೇಳಿ ಬಂದವರು.

ಬೇಕಾದದ್ದು ಮತ್ತು ತೋರಿಕೆಯದು

ಗಣಿಯ ಹಣ ಇಳಿದ ಮೇಲೆ ನಮಗೆ ಬಂದವು ಸಣ್ಣ ಕೆಲಸಗಳು: ಮೂವತ್ತು-ನಲವತ್ತರ ನಿವೇಶನದ ಮನೆಗಳು, ಶಿಕ್ಷಕರ ಮನೆಗಳು, ಸಣ್ಣ ದವಾಖಾನೆಗಳು. ನಿಜವಾದ ವಿನ್ಯಾಸವನ್ನು ಕಲಿತದ್ದು ಇಲ್ಲಿಯೇ ಎಂದರೆ ಅತಿಶಯೋಕ್ತಿಯಲ್ಲ. ದೊಡ್ಡ ಮನೆಯಲ್ಲಿ ಒಂದಡಿ ಹೋದರೆ ಯಾರಿಗೂ ತಿಳಿಯದು. ಸಣ್ಣ ಮನೆಯಲ್ಲಿ ಒಂದಂಗುಲವೂ ಲೆಕ್ಕಕ್ಕೆ ಬರುತ್ತದೆ.

ಸಿರುಗುಪ್ಪದ ರೈತ ಕುಟುಂಬವೊಂದು ನೆನಪಾಗುತ್ತದೆ. ತುಂಗಭದ್ರೆಯ ನೀರಿನ ಭತ್ತದ ಸೀಮೆ ಅದು. ಮಗ ಫೋನಿನಲ್ಲಿ ಬಿಳಿ ಸೋಫಾದ ಚಿತ್ರವನ್ನು ತೋರಿಸುತ್ತಿದ್ದ. ತಾಯಿ ಬಾಗಿಲ ಬಳಿ ನಿಂತು ಏನನ್ನೂ ಹೇಳುತ್ತಿರಲಿಲ್ಲ. ‘ನಿಮಗೇನು ಬೇಕಮ್ಮಾ?’ ಎಂದು ಎರಡು ಮೂರು ಬಾರಿ ಕೇಳಿದ ಮೇಲೆ, ‘ವರ್ಷದ ಅಕ್ಕಿ ಎಲ್ಲಿ ಇಡಬೇಕು ಅಂತ ಯಾರೂ ಹೇಳವಲ್ರು’ ಎಂದರು. ನಕ್ಷೆಯಲ್ಲಿ ಅಕ್ಕಿಗೆ ಜಾಗವೇ ಇರಲಿಲ್ಲ! ಅಡುಗೆಮನೆಯ ಪಕ್ಕದಲ್ಲಿ ನೆಲದಿಂದ ಅರ್ಧ ಅಡಿ ಎತ್ತರದ ಕಟ್ಟೆ, ಮೇಲೆ ಕೆಳಗೆ ಗಾಳಿಯಾಡುವ ಜಾಲರಿ, ಇಲಿ ನುಗ್ಗದ ಬಾಗಿಲು ಇಷ್ಟನ್ನು ಮಾಡಿದೆವು. ಮಗನ ಸೋಫಾ ಬಂತು, ಬಣ್ಣ ಮಾತ್ರ ಧೂಳಿಗೆ ಹೆದರದ ಕಂದು. ಆ ತಾಯಿ ಇಂದಿಗೂ ಸಂಕ್ರಾಂತಿಗೆ ಹೊಸ ಅಕ್ಕಿ ಕಳುಹಿಸುತ್ತಾರೆ.

ಮನೆ ಮಾಡಿಕೊಳ್ಳುವವರಿಗೆ ಉಪಯೋಗವಾಗಬಹುದಾದ ನಾಲ್ಕಾರು ಮಾತುಗಳನ್ನು ಇಲ್ಲಿ ಹೇಳುವುದು ಉಚಿತ. ನಮ್ಮೂರಿನಲ್ಲಿ ಪಡುವಣ ಗೋಡೆಯೇ ಶತ್ರು. ಮಧ್ಯಾಹ್ನದ ಬಿಸಿಲು ಅದನ್ನು ಕಾಯಿಸಿ ರಾತ್ರಿಯೆಲ್ಲ ಕೋಣೆಗೆ ಬಿಡುತ್ತದೆ. ಬಟ್ಟೆಯ ಕಪಾಟನ್ನು ಆ ಗೋಡೆಗೆ ಒರಗಿಸಿದರೆ ಅದು ತಡೆಯಂತೆ ಕೆಲಸ ಮಾಡುತ್ತದೆ. ತಗ್ಗಿನ ಕೋಣೆಗೆ ಜಿಪ್ಸಂ ಛಾವಣಿ ಹಾಕಿಸುವ ಮುನ್ನ, ಫ್ಯಾನಿನ ಮೇಲೆ ಗಾಳಿಯೆಳೆಯಲು ಎಡೆಯುಳಿಯುವುದೇ ನೋಡಿ. ಎರೆಭೂಮಿ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರಿಂದ ಗೋಡೆಯಲ್ಲಿ ಬಿರುಕು ಮೂಡಿದ್ದರೆ ಎಂಜಿನಿಯರರಿಗೆ ತೋರಿಸಿ. ಅಲಂಕಾರದ ಕಾಗದ ಅಂಟಿಸಿ ಮುಚ್ಚುವವರನ್ನು ನಂಬಬೇಡಿ. ಪ್ಲೈವುಡ್ ಕೊಳ್ಳುವಾಗ ಐ.ಎಸ್.ಐ. ಗುರುತಿನ ಜೊತೆಗೆ ಸಂಖ್ಯೆಯನ್ನೂ ಓದಿ: ಸಾಧಾರಣ ಬಳಕೆಗೆ ಐ.ಎಸ್. 303, ನೀರಿನ ಸಂಪರ್ಕ ಹೆಚ್ಚಿರುವ ಕಡೆ ಐ.ಎಸ್. 710. ಅಡುಗೆ ಕಟ್ಟೆಯ ಎತ್ತರವನ್ನು ಅಂಗಡಿಯ ಪುಸ್ತಕ ನೋಡಿ ನಿರ್ಧರಿಸದೆ, ಅಡುಗೆ ಮಾಡುವವರನ್ನು ನಿಲ್ಲಿಸಿ, ಮೊಣಕೈಗಿಂತ ಸುಮಾರು ನಾಲ್ಕು ಅಂಗುಲ ಕೆಳಗೆ ಗುರುತು ಹಾಕಿ. ವಯಸ್ಸಾದವರಿರುವ ಮನೆಯ ಬಚ್ಚಲಿಗೆ ನುಣುಪಾದ ಟೈಲ್ಸ್ ಬೇಡ. ಹಿಡಿಯಲು ಗೋಡೆಗೊಂದು ಸರಳು, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು ಇರಲಿ. ಇವು ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ, ಮೊದಲೇ ಯೋಚಿಸಿದ್ದರೆ ಸಾಕು.

ಇನ್ನೊಂದನ್ನು ಈ ಊರು ನನಗೆ ಕಲಿಸಿದೆ. ಹಿಂದೂಗಳ ಮನೆಯಲ್ಲಿ ದೇವರ ಜಗಲಿ, ಮುಸಲ್ಮಾನರ ಮನೆಯಲ್ಲಿ ನಮಾಜಿಗೆ ಶುಚಿಯಾದ ಮೂಲೆ, ನಮ್ಮ ಮನೆಗಳಲ್ಲಿ ಪೀಠ, ಹೀಗೆ ಪ್ರಾರ್ಥನೆಯ ಜಾಗವನ್ನು ಕೇಳದ ಮನೆ ಬಲು ಅಪರೂಪ. ಅದಕ್ಕೆ ಕೆತ್ತನೆ, ಬಣ್ಣದ ದೀಪಗಳಿಗಿಂತ ಮುಖ್ಯವಾದದ್ದು, ಮನೆಯವರೆಲ್ಲ ಒಟ್ಟಾಗಿ ಕೂರುವಷ್ಟು ನೆಲ. ಟಿ.ವಿ.ಗೆ ಇಡೀ ಗೋಡೆ ಬಿಟ್ಟು ಪ್ರಾರ್ಥನೆಗೆ ಕಪಾಟಿನ ಒಂದು ಅರೆ ಬಿಡುವ ನಕ್ಷೆಯನ್ನು ಬರೆಯುವಾಗ ನನ್ನ ಪೆನ್ಸಿಲು ತುಸು ತಡೆಯುತ್ತದೆ.

ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಬದುಕನ್ನು ಯುವಕರು ಓದಬೇಕು. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿದ ಅವರು 1945ರಲ್ಲಿ ಭಾರತಕ್ಕೆ ಬಂದದ್ದು ಕುಷ್ಠರೋಗಿಗಳ ಆಸ್ಪತ್ರೆಗಳ ಕಟ್ಟಡದ ಕೆಲಸಕ್ಕಾಗಿ. ಸ್ಥಳೀಯ ಇಟ್ಟಿಗೆ, ಜಾಲಂಧ್ರದ ಗೋಡೆ, ಗೋಡೆಯಲ್ಲೇ ಕಟ್ಟಿದ ಆಸನ ಇವುಗಳಿಂದ ಬಡವರಿಗೂ ಅಂದದ ಮನೆ ಸಾಧ್ಯವೆಂದು ತೋರಿಸಿದರು. 1990ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1992ರಲ್ಲಿ ಒಳಾಂಗಣ ವಿನ್ಯಾಸಕಾರ್ತಿ ಸುನೀತಾ ಕೊಹ್ಲಿಯವರಿಗೂ ಅದೇ ಗೌರವ ದೊರೆಯಿತು. ನಮ್ಮ ಸುತ್ತಲೂ ಸಂಪತ್ತಿಗೆ ಬರವಿಲ್ಲ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಕಲೆ, ಶಹಾಬಾದಿನ ಕಲ್ಲು ಇವೆಲ್ಲ ಕೈಗೆಟಕುವ ದೂರದಲ್ಲಿರುವಾಗ ಅಮೃತಶಿಲೆಗಾಗಿ ಸಮುದ್ರ ದಾಟಬೇಕಿಲ್ಲ.

ಕುರುಗೋಡಿನಿಂದ ಬಂದ ಶುಲ್ಕ

2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾರಣದಿಂದ ದೇಶವೇ ಬಾಗಿಲು ಹಾಕಿದಾಗ ರಾಜಸ್ಥಾನದ ನಮ್ಮ ಕೆಲಸಗಾರರು ಊರಿಗೆ ಹೊರಟರು. ಕೆಲವರು ಮತ್ತೆ ಬರಲಿಲ್ಲ. ಉಳಿದವರಲ್ಲಿ ಒಬ್ಬರು ಕುರುಗೋಡಿನ ಬಡಗಿ. 2011ರ ಆ ಶನಿವಾರ ಕೂಲಿ ಪಡೆದ ಒಂಬತ್ತು ಮಂದಿಯಲ್ಲಿ ಒಬ್ಬರು. ಲಾಕ್‌ಡೌನ್ ಸಡಿಲಗೊಂಡ ಮೇಲೆ ಒಂದು ದಿನ ಸ್ಟುಡಿಯೊಗೆ ಬಂದು ಬಾಗಿಲ ಬಳಿಯೇ ನಿಂತರು. ‘ಅಕ್ಕಾರೇ, ನಮ್ಮ ಮನೀಗೂ ಒಂದು ನಕ್ಷೆ ಹಾಕಿಕೊಡ್ರಿ. ಮಕ್ಳು ಫೋನಿನಾಗ ಪಾಠ ಕೇಳ್ತಾವು. ಕೂರಾಕ ಜಾಗಿಲ್ಲ’ ಎಂದರು.

ಎರಡು ಕೋಣೆಗಳ ಮನೆ. ಹೋಗಿ ಅಳತೆ ತೆಗೆದುಕೊಂಡೆ. ಗೋಡೆಗೆ ಮಡಿಚುವ ಎರಡು ಮೇಜು, ಮೇಲೆ ಪುಸ್ತಕದ ಅರೆ, ಬೆಳಕಿಂಡಿಗೆ ಗಾಜು. ಮರವೆಲ್ಲ ಅವರು ಕೂಡಿಟ್ಟ ತುಂಡುಗಳೇ. ನಕ್ಷೆ ಕೊಟ್ಟಾಗ ಅಂಗಿಯ ಕಿಸೆಯಿಂದ ಮಡಿಚಿದ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಬೇಡವೆಂದೆ. ‘ಹಂಗ ಅನ್ನಬ್ಯಾಡ್ರಿ. ನನ್ನ ಕೈಕೆಲಸಕ್ಕ ನೀವು ಎಂದೂ ಬಾಕಿ ಇಟ್ಟಿಲ್ಲ. ನಿಮ್ಮದೂ ಕೆಲಸಾನೇ ಅಲ್ರೀ?’ ಎಂದರು. ಕಾಗದದ ಮೇಲಿನ ಗೆರೆಗೆ ಏಕೆ ಹಣ ಕೊಡಬೇಕೆಂದು ಕೇಳಿದ ದೊಡ್ಡ ಮನೆಗಳವರಿಗೆ ನಾನು ಹೇಳಲಾಗದ ಉತ್ತರವನ್ನು ಅವರು ಹೇಳಿದ್ದರು. ಆ ಹಣವನ್ನು ತೆಗೆದುಕೊಂಡು ರಸೀದಿ ಬರೆದುಕೊಟ್ಟೆ. ತೆಗೆದುಕೊಳ್ಳದಿದ್ದರೆ ಅವರನ್ನು ಅವಮಾನಿಸಿದಂತಾಗುತ್ತಿತ್ತು.

ಯುವಜನರಿಗೆ ಒಂದು ಮಾತು

ಈಗ ನಮ್ಮ ಸ್ಟುಡಿಯೊದಲ್ಲಿ ನಾಲ್ವರಿದ್ದೇವೆ. ಇಬ್ಬರು ಹೆಣ್ಣುಮಕ್ಕಳು ಪಾಲಿಟೆಕ್ನಿಕ್‌ನಲ್ಲಿ ಕಲಿತು ಬಂದವರು. ಕೈಯಿಂದ ಎಳೆಯುತ್ತಿದ್ದ ಗೆರೆಗಳನ್ನು ಇಂದು ಕಂಪ್ಯೂಟರ್ ಎಳೆಯುತ್ತದೆ. ಕೃತಕ ಬುದ್ಧಿಮತ್ತೆ ಒಂದು ನಿಮಿಷದಲ್ಲಿ ಹತ್ತು ಹಜಾರಗಳ ಚಿತ್ರ ಕೊಡುತ್ತದೆ. ದೊಡ್ಡ ಊರಿನ ಕಂಪನಿಗಳು ಫೋನಿನ ಮೂಲಕವೇ ಅಡುಗೆಮನೆಗಳನ್ನು ಮಾರುತ್ತಿವೆ. ಹಾಗಾದರೆ ಮಕ್ಕಳು ಈ ವೃತ್ತಿಗೆ ಬರಬೇಕೇ ಎಂದು ಪೋಷಕರು ಕೇಳುತ್ತಾರೆ. ಚಿತ್ರ ಬರೆಯುವ ಆಸೆ ಮಾತ್ರವಿದ್ದರೆ ಬೇಡ ಎನ್ನುತ್ತೇನೆ. ಅನ್ಯರ ಮನೆಯಲ್ಲಿ ತಾಳ್ಮೆಯಿಂದ ಕುಳಿತು, ಮಾತನಾಡದವರ ಮಾತನ್ನೂ ಕೇಳಿಸಿಕೊಳ್ಳುವ ಗುಣವಿದ್ದರೆ, ಲೆಕ್ಕ ಬರೆಯಲು ಸೋಮಾರಿತನವಿಲ್ಲದಿದ್ದರೆ, ಬಿಸಿಲಿನಲ್ಲಿ ಕೆಲಸಗಾರರ ಜೊತೆ ನಿಲ್ಲಲು ನಾಚಿಕೆಯಿಲ್ಲದಿದ್ದರೆ ಅಗತ್ಯವಾಗಿ ಬನ್ನಿ. ಮೊದಲ ಎರಡು ಮೂರು ವರ್ಷ ಹಿರಿಯರೊಬ್ಬರ ಕೈಕೆಳಗೆ ದುಡಿಯಿರಿ. ಮರಗೆಲಸದವರಿಂದ ಕಲಿಯಲು ಹಿಂಜರಿಯಬೇಡಿ. ನಿಮ್ಮ ಕಷ್ಟದ ತಿಂಗಳುಗಳಿಗಾಗಿ ಒಂದಿಷ್ಟನ್ನು ಪ್ರತ್ಯೇಕವಾಗಿ ತೆಗೆದಿಡಿ. ಏಕೆಂದರೆ ಸ್ಟುಡಿಯೊ ಎಂದರೆ ನಿಮ್ಮೊಬ್ಬರ ಹೆಸರಿನ ಫಲಕವಲ್ಲ. ಶನಿವಾರದ ಸಂಜೆಯನ್ನು ಕಾಯುತ್ತಿರುವ ಹಲವು ಅಡುಗೆಮನೆಗಳ ಒಲೆ ಅದರಿಂದ ಉರಿಯುತ್ತದೆ.

ಮನೆ ಮಾಡಿಕೊಳ್ಳುವವರಿಗೂ ಒಂದು ವಿನಂತಿ. ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಒಟ್ಟಾಗಿ ಕುಳಿತುಕೊಳ್ಳಿ. ಮನೆಯ ಅತ್ಯಂತ ಹಿರಿಯರನ್ನೂ ಅತ್ಯಂತ ಕಿರಿಯರನ್ನೂ, ದಿನವೂ ನೆಲ ಒರೆಸಲು ಬರುವಾಕೆಯನ್ನೂ ‘ನಿಮಗೇನು ಬೇಕು?’ ಎಂದು ಕೇಳಿ. ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಿ. ಆ ಒಂದು ಹಾಳೆಯನ್ನು ಕೈಯಲ್ಲಿ ಹಿಡಿದು ಬನ್ನಿ; ಉಳಿದ ಗೆರೆಗಳನ್ನು ನಾವು ಎಳೆಯುತ್ತೇವೆ.